ಊರು ಮಹಾರಾಷ್ಟ್ರದ್ದು, ಓದು ಕನ್ನಡದ್ದು

ನನ್ನ ಅತ್ತೆ ಕಾರ್ಕಳದಿಂದ ಮದುವೆಯಾಗಿ ಡೊಂಬಿವಲಿಗೆ ಬಂದು ಐವತ್ತು ವರ್ಷ ಕಳೆಯಿತು. ಮಾವನವರ ಹೋಟೆಲಿನ ಗಲ್ಲಾದಲ್ಲಿ ಕೂತೇ ಮರಾಠಿ ಕಲಿತವರು. ತರಕಾರಿಯವಳ ಜೊತೆ ಚೌಕಾಸಿ ಮರಾಠಿಯಲ್ಲಿ, ಮನೆಯಲ್ಲಿ ಮಾತು ತುಳುವಿನಲ್ಲಿ, ಓದು ಮಾತ್ರ ಕನ್ನಡದಲ್ಲಿ. ದೇವನಾಗರಿ ಅಕ್ಷರ ಅವರಿಗೆ ಇವತ್ತಿಗೂ ಒಗ್ಗಿಲ್ಲ. ಕಣ್ಣು ಮಂಜಾದ ಮೇಲೆ ಪತ್ರಿಕೆ ಬಿಟ್ಟು, ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು ಊರಿನ ಸುದ್ದಿ ಓದುತ್ತಾರೆ.

ಒಂದು ಬೆಳಿಗ್ಗೆ ಆ ಮೊಬೈಲಿನ ಬ್ರೌಸರ್ ರಾತ್ರೋರಾತ್ರಿ ಹೊಸ ಆವೃತ್ತಿಗೆ ಬದಲಾಗಿತ್ತು. ಬಣ್ಣ ಚೆನ್ನಾಗಿತ್ತು, ಗುಂಡಿಗಳು ದುಂಡಗಾಗಿದ್ದವು. ಮೊದಲ ಪುಟದ ಸುದ್ದಿಯೆಲ್ಲ ಮರಾಠಿಯಲ್ಲಿತ್ತು. "ಇದೆಂಥದು ಮಾರಾಯ್ತಿ, ನನ್ನ ಕನ್ನಡ ಎಲ್ಲಿ ಹೋಯ್ತು?" ಎಂದು ಫೋನನ್ನು ನನ್ನ ಕೈಗಿಟ್ಟರು. ಆ ಆವೃತ್ತಿ ಅವರನ್ನು ಏನೂ ಕೇಳಿರಲಿಲ್ಲ. ಫೋನ್ ಇರುವ ಜಾಗ ನೋಡಿ ಭಾಷೆಯನ್ನು ಊಹಿಸಿತ್ತು.

ಬ್ರೌಸರಿನ ಹೊಸ ಆವೃತ್ತಿ ಎಂದರೆ ನಿಜವಾಗಿ ಯಾವುದು ಹೊಸದು? ಇದನ್ನು ತಿಳಿಯಲು ಬ್ರೌಸರನ್ನು ಎರಡು ಭಾಗ ಮಾಡಿ ನೋಡಬೇಕು. ಒಳಗಿರುವುದು ಎಂಜಿನ್. ದೂರದ ಸರ್ವರಿನಿಂದ ಬಂದ ಸಂಕೇತಗಳನ್ನು ಓದಿ, ಯಾವ ಸಾಲು ಎಲ್ಲಿ, ಯಾವ ಚಿತ್ರ ಎಷ್ಟು ಅಗಲ ಎಂದು ಲೆಕ್ಕ ಹಾಕಿ ತೆರೆಯ ಮೇಲೆ ಬರೆಯುವುದು ಅದರ ಕೆಲಸ. ಹೊರಗಿರುವುದು ನಾವು ಮುಟ್ಟುವ ಮೈ: ವಿಳಾಸ ಪಟ್ಟಿ, ಟ್ಯಾಬು, ಮೊದಲ ಪುಟ, ಸೆಟ್ಟಿಂಗ್ಸ್. ಎಂಜಿನ್ನಿನಲ್ಲಿ ಲಕ್ಷಗಟ್ಟಲೆ ಸಾಲುಗಳ ಕೋಡ್ ಇರುತ್ತದೆ. ಅದನ್ನು ಮೊದಲಿನಿಂದ ಬರೆಯುವ ಶಕ್ತಿ ಇರುವವರು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ಆಪಲ್‌ನ ವೆಬ್‌ಕಿಟ್, ಮೊಜಿಲ್ಲಾದ ಗೆಕೊ, 2013ರಲ್ಲಿ ವೆಬ್‌ಕಿಟ್‌ನಿಂದ ಕವಲೊಡೆದ ಗೂಗಲ್‌ನ ಬ್ಲಿಂಕ್, ಇಂದು ಹೆಚ್ಚುಕಡಿಮೆ ಈ ಮೂರರ ಮೇಲೇ ವೆಬ್ ಓಡುತ್ತಿದೆ. ಇವುಗಳ ಕೋಡ್ ಮುಕ್ತವಾಗಿರುವುದರಿಂದ ಯಾರು ಬೇಕಾದರೂ ತೆಗೆದುಕೊಂಡು ಹೊಸ ಮೈ ಹೊಲಿಯಬಹುದು.

ನಮ್ಮ ಪಕ್ಕದ ನವಿ ಮುಂಬಯಿಯಲ್ಲೇ ಇದರ ಉದಾಹರಣೆ ಇದೆ. ಘನ್ಸೋಲಿಯ ರಿಲಯನ್ಸ್ ಕಾರ್ಪೊರೇಟ್ ಪಾರ್ಕ್‌ನಿಂದ ನಡೆಯುವ ಜಿಯೋ ಕಂಪನಿ ಮೊದಲು ಜಿಯೋಬ್ರೌಸರ್ ತಂದಿತು. 2020ರ ಅಕ್ಟೋಬರಿನಲ್ಲಿ ಅದರ ಜಾಗಕ್ಕೆ ಜಿಯೋಪೇಜಸ್ ಬಂತು. ಎಂಜಿನ್ ಬ್ಲಿಂಕ್, ಮೈ ತಮ್ಮದು, ಕನ್ನಡವೂ ಸೇರಿ ಎಂಟು ಭಾರತೀಯ ಭಾಷೆಗಳು. ಅದಕ್ಕೆ ಹತ್ತು ವರ್ಷ ಮೊದಲೇ, 2010ರಲ್ಲಿ, ಬೆಂಗಳೂರಿನ ಹಿಡನ್ ರಿಫ್ಲೆಕ್ಸ್ ಸಂಸ್ಥೆ ಮೊಜಿಲ್ಲಾದ ಕೋಡ್ ಮೇಲೆ ಎಪಿಕ್ ಎಂಬ ಬ್ರೌಸರ್ ಕಟ್ಟಿ, ಭಾರತೀಯ ಭಾಷೆಗಳಲ್ಲಿ ಬರೆಯುವ ಸೌಲಭ್ಯ ಕೊಟ್ಟಿತ್ತು. 2013ರಲ್ಲಿ ಅದು ಗೂಗಲ್‌ನ ಮುಕ್ತ ಬ್ರೌಸರ್ ಕೋಡ್ ಆದ ಕ್ರೋಮಿಯಮ್‌ಗೆ ಬದಲಾಗಿ, ಖಾಸಗಿತನ ಕಾಯುವುದೇ ತನ್ನ ಮುಖ್ಯ ಕೆಲಸವೆಂದು ಸಾರಿತು. ಅಂದರೆ ಎಂಜಿನ್ ಹೊರಗಿನಿಂದ ಬರುವುದು ಅವಮಾನವೇನಲ್ಲ. ಆ ಎಂಜಿನ್ ನಮಗಾಗಿ ಏನು ಮಾಡುತ್ತದೆ ಎಂದು ಒಮ್ಮೆ ಹತ್ತಿರದಿಂದ ನೋಡಿದರೆ ಗೌರವವೇ ಮೂಡುತ್ತದೆ.

'ಕರ್ನಾಟಕ' ಎಂಬ ಪದವನ್ನೇ ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಕಂಪ್ಯೂಟರಿನೊಳಗೆ ಏಳು ಸಂಕೇತ: ಕ, ರ, ಹಲಂತದ ಗುರುತು, ನ, ದೀರ್ಘದ ಗುರುತು, ಟ, ಕ. ಯುನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 21. ಇದೇ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆದರೆ 9 ಬೈಟ್ ಸಾಕು. ಬೈಟಿನ ಲೆಕ್ಕ ಇರಲಿ, ನಿಜವಾದ ಕಷ್ಟ 'ರ್ನಾ'ದಲ್ಲಿದೆ. ಉಚ್ಚಾರದಲ್ಲೂ ಸಂಕೇತದಲ್ಲೂ ರಕಾರ ಮೊದಲು, ನಕಾರ ಆಮೇಲೆ. ತೆರೆಯ ಮೇಲೆ ಬರೆಯುವಾಗ ನಕಾರ ಮುಂದೆ ಬಂದು, ರಕಾರ ಅರ್ಕಾವತ್ತಿನ ರೂಪ ತಾಳಿ ಅದರ ಹಿಂದೆ ಕೂರಬೇಕು. ಸಂಕೇತಗಳು ಬಂದ ಕ್ರಮದಲ್ಲೇ ಅಚ್ಚೊತ್ತಿದರೆ ಕರ್ನಾಟಕ ಒಡೆದುಹೋಗುತ್ತದೆ. ಈ ಜೋಡಣೆಯನ್ನು ಕ್ರೋಮ್‌ನಲ್ಲೂ ಫೈರ್‌ಫಾಕ್ಸ್‌ನಲ್ಲೂ ಮಾಡುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ಅದನ್ನು ಬೆಳೆಸಿದವರಲ್ಲಿ ಪ್ರಮುಖರು ಇರಾನ್ ಮೂಲದ ಬೆಹ್ದಾದ್ ಎಸ್ಫಹಬೋದ್. 'ಹರ್ಫ್' ಎಂದರೆ ಪರ್ಷಿಯನ್ನಿನಲ್ಲಿ ಅಕ್ಷರ. ಡೊಂಬಿವಲಿಯಲ್ಲಿ ಕೂತ ಅತ್ತೆ ಊರಿನ ಜಾತ್ರೆಯ ಸುದ್ದಿಯನ್ನು ತಡವರಿಸದೆ ಓದುವುದರ ಹಿಂದೆ ಅಷ್ಟು ದೂರದವರೊಬ್ಬರ ದುಡಿಮೆ ಇದೆ ಎನ್ನುವುದು ನನಗೆ ತುಂಬ ಇಷ್ಟವಾದ ಸಂಗತಿ.

ಎಂಜಿನ್ ಇಷ್ಟು ಮಾಡಿಕೊಟ್ಟ ಮೇಲೂ ಹೊರಮೈ ವಿನ್ಯಾಸ ಮಾಡುವವರು ಕೆಡಿಸಬಹುದು. ಇಂಗ್ಲಿಷ್ ಪದದ ಎತ್ತರಕ್ಕೆ ಅಳತೆ ಮಾಡಿದ ಗುಂಡಿಯಲ್ಲಿ 'ಹಿಂದಕ್ಕೆ' ಎಂದು ಬರೆದರೆ ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತದೆ. 'ಸ್ತ್ರೀ'ಯಂಥ ಅಕ್ಷರಕ್ಕಂತೂ ಇನ್ನೂ ಹೆಚ್ಚಿನ ಜಾಗ ಬೇಕು. ವಿಳಾಸ ಪಟ್ಟಿಯಲ್ಲಿ ಬೇರೆಯದೇ ಅಪಾಯ. ಈಗ ಕನ್ನಡದಲ್ಲೇ 'ಡಾಟ್ ಭಾರತ' ವಿಳಾಸ ಪಡೆಯಬಹುದು. ಆದರೆ ನಮ್ಮ ಜ, ಬ, ಲಗಳಿಗೂ ತೆಲುಗಿನವಕ್ಕೂ ಕಣ್ಣಿಗೆ ಭೇದ ಕಾಣುವುದೇ ಇಲ್ಲ, ಸಂಕೇತಗಳು ಮಾತ್ರ ಬೇರೆ. ಒಂದರ ಜಾಗದಲ್ಲಿ ಇನ್ನೊಂದನ್ನಿಟ್ಟು ಬ್ಯಾಂಕಿನ ನಕಲಿ ವಿಳಾಸ ಸೃಷ್ಟಿಸುವವರಿದ್ದಾರೆಂದೇ, ಎರಡು ಲಿಪಿ ಬೆರೆತ ಹೆಸರು ಕಂಡರೆ ಒಳ್ಳೆಯ ಬ್ರೌಸರ್ ಅದನ್ನು ಚೆಂದದ ಅಕ್ಷರದಲ್ಲಿ ತೋರಿಸದೆ ಒರಟು ಸಂಕೇತದಲ್ಲೇ ಬಿಡುತ್ತದೆ.

ಇನ್ನು ಅತ್ತೆಯ ಪ್ರಶ್ನೆ. ಪುಟ ಬೇಕೆಂದು ಕೇಳುವಾಗ ಬ್ರೌಸರ್ ಸರ್ವರಿಗೆ ಒಂದು ಸಣ್ಣ ಓಲೆ ಕಳಿಸುತ್ತದೆ. ಅದರಲ್ಲಿ ಓದುಗರ ಭಾಷೆಗಳನ್ನು ಬರೆಯಲೆಂದೇ ಒಂದು ಸಾಲು 1990ರ ದಶಕದಿಂದಲೂ ಇದೆ. ಕನ್ನಡಕ್ಕೆ 'ಕೆಎನ್', ಮರಾಠಿಗೆ 'ಎಂಆರ್'. ಮುಂದೆ ತೂಕವನ್ನೂ ಬರೆಯಬಹುದು: ಕನ್ನಡ 1, ಮರಾಠಿ 0.8, ಇಂಗ್ಲಿಷ್ 0.5. ಮೊದಲನೆಯದಿಲ್ಲದಿದ್ದರೆ ಎರಡನೆಯದು ಕೊಡು ಎಂದು ಅರ್ಥ. ಕಲ್ಯಾಣ, ಠಾಣೆ, ಡೊಂಬಿವಲಿಯ ನಮ್ಮಂಥವರಿಗಾಗಿಯೇ ಮಾಡಿದಂತಿದೆ ಈ ಸಾಲು. ಆದರೂ ಎಷ್ಟೋ ತಾಣಗಳು ಅದನ್ನು ಓದುವುದೇ ಇಲ್ಲ, ಐಪಿ ವಿಳಾಸದಿಂದ ಊರು ಪತ್ತೆ ಮಾಡಿ ಭಾಷೆ ತೀರ್ಮಾನಿಸುತ್ತವೆ. ಎಷ್ಟೋ ಬ್ರೌಸರುಗಳು ಆ ಪಟ್ಟಿಯನ್ನು ಸೆಟ್ಟಿಂಗ್ಸ್‌ನ ನಾಲ್ಕನೇ ಕೋಣೆಯಲ್ಲಿ ಬಚ್ಚಿಟ್ಟಿವೆ. ನೆಲದಿಂದ ನುಡಿಯನ್ನು ಊಹಿಸುವುದು ವಿನ್ಯಾಸದ ತಪ್ಪು ಎಂದೇ ನಾನು ಹೇಳುತ್ತೇನೆ. ಹೊಸ ಆವೃತ್ತಿ ಮೊದಲ ಸಲ ತೆರೆದಾಗ ಕೇಳಬೇಕಾದ ಮೊದಲ ಪ್ರಶ್ನೆ, "ನೀವು ಏನೇನು ಓದುತ್ತೀರಿ?"

ಇದರಲ್ಲಿ ಒಂದು ತೊಡಕಿದೆ, ಅದು ಸಣ್ಣದಲ್ಲ. ಡೊಂಬಿವಲಿಯಿಂದ ಬರುವ ಓಲೆಗಳಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್ ಎಂಬ ಪಟ್ಟಿಗಳು ಸಾವಿರಾರು ಇರುತ್ತವೆ. ಕನ್ನಡ ಮೊದಲು, ಮರಾಠಿ ಆಮೇಲೆ ಎಂಬ ಪಟ್ಟಿ ಅಪರೂಪ. ಜೊತೆಗೆ ಫೋನಿನ ಮಾದರಿ, ತೆರೆಯ ಅಳತೆ ಸೇರಿಸಿದರೆ ಜಾಹೀರಾತಿನವರು ಒಬ್ಬ ವ್ಯಕ್ತಿಯನ್ನು ಹೆಸರಿಲ್ಲದೆಯೂ ಗುರುತು ಹಿಡಿದು ತಾಣದಿಂದ ತಾಣಕ್ಕೆ ಹಿಂಬಾಲಿಸಬಹುದು. ಇದನ್ನು ಬೆರಳಚ್ಚಿಗೆ ಹೋಲಿಸುತ್ತಾರೆ. ಹಾಗಾಗಿ ಕೆಲವು ಬ್ರೌಸರುಗಳು ಪಟ್ಟಿಯನ್ನು ಮೊಟಕುಗೊಳಿಸಿ ಮೊದಲ ಭಾಷೆಯೊಂದನ್ನೇ ಕಳಿಸುತ್ತವೆ. ಗುಟ್ಟು ಉಳಿಯುತ್ತದೆ, ಎರಡನೇ ಭಾಷೆ ಹೋಗುತ್ತದೆ.

ಕ್ರೋಮ್ ತಂಡ ಮುಂದಿಟ್ಟ ಯೋಜನೆಯೊಂದು ಇದನ್ನು ತಿರುವುಮುರುವು ಮಾಡುತ್ತದೆ: ತನ್ನಲ್ಲಿ ಯಾವ ಯಾವ ಭಾಷೆಯ ಪುಟಗಳಿವೆ ಎಂದು ತಾಣವೇ ಹೇಳಲಿ, ಆಯ್ಕೆಯನ್ನು ಬ್ರೌಸರ್ ಫೋನಿನೊಳಗೇ ಮಾಡಿಕೊಳ್ಳಲಿ. ನಮ್ಮ ಉಡುಪಿ ಹೋಟೆಲಿನ ಪದ್ಧತಿಯೂ ಇದೇ. ಮಾಣಿ ಬಂದು ಇಡ್ಲಿ, ವಡೆ, ಬನ್ಸ್ ಎಂದು ಪಟ್ಟಿ ಒಪ್ಪಿಸುತ್ತಾನೆ, ಗಿರಾಕಿ ಒಂದನ್ನು ಹೇಳುತ್ತಾನೆ. ತನ್ನ ನಾಲಿಗೆಯ ರುಚಿಯನ್ನೆಲ್ಲ ಅವನೆದುರು ಬಿಚ್ಚಿಡಬೇಕಾಗಿಲ್ಲ.

ಆವತ್ತು ಅತ್ತೆಯ ಫೋನಿನಲ್ಲಿ ಹುಡುಕಿ ಹುಡುಕಿ ಆ ಪಟ್ಟಿ ತೆಗೆದೆ. ಕನ್ನಡವನ್ನು ಬೆರಳಿನಿಂದ ಎಳೆದು ಮೇಲೆ ಕೂರಿಸಿದೆವು. ಎರಡನೆಯದಾಗಿ ಮರಾಠಿ ಇರಲಿ ಎಂದು ಅವರೇ ಹೇಳಿದರು, ನಗರಪಾಲಿಕೆಯ ನೀರಿನ ಸೂಚನೆ ಬಂದರೆ ಮೊಮ್ಮಗಳು ಓದಿ ಹೇಳುತ್ತಾಳಂತೆ. ಪುಟ ಕನ್ನಡದಲ್ಲಿ ತೆರೆದುಕೊಂಡಿತು. ಕನ್ನಡಕ ಸರಿಮಾಡಿಕೊಂಡು ಒಂದು ಗಳಿಗೆ ಓದಿ, "ತುಳು ಹಾಕ್ಲಿಕ್ಕೆ ಆಗುದಿಲ್ವಾ?" ಎಂದರು. ತುಳು ವಿಕಿಪೀಡಿಯ 2016ರಿಂದ ಇದೆ, ಭಾಷೆಗೆ 'ಟಿಸಿವೈ' ಎಂಬ ಸಂಕೇತವೂ ಇದೆ. ಪಟ್ಟಿಯನ್ನು ಕೊನೆಯವರೆಗೆ ಸರಿಸಿದೆ. ತೆಲುಗು ಸಿಕ್ಕಿತು, ಆಮೇಲೆ ತುರ್ಕಿಯೂ ಸಿಕ್ಕಿತು. ತುಳು ಸಿಗಲಿಲ್ಲ.