ಕೊಚ್ಚಿಯ ಕೇರಿಗಳಲ್ಲಿ ಒಂದು ದಿನ

ರಜೆಯ ದಿನಗಳಲ್ಲಿ ಸಂಸಾರ ಸಮೇತ ಕಡಲತೀರಕ್ಕೆ ಹೊರಡುವವರ ಕಾರ್ಯಕ್ರಮವು ಬಹುಮಟ್ಟಿಗೆ ಒಂದೇ ತೆರನಾದುದು. ಮರಳಿನ ಮೇಲೆ ಮಕ್ಕಳ ಆಟ, ಸೂರ್ಯಾಸ್ತದ ದರ್ಶನ, ಒಂದು ದೇವಸ್ಥಾನ, ಒಂದಿಷ್ಟು ಖರೀದಿ, ನಾಲ್ಕಾರು ಛಾಯಾಚಿತ್ರ; ಅಲ್ಲಿಗೆ ಪ್ರವಾಸ ಮುಗಿಯಿತು. ಸಮುದ್ರವನ್ನು ನೋಡಿ ಬಂದೆವೆಂದು ಹೇಳುವವರು ಅನೇಕರು. ಸಮುದ್ರದ ದಾರಿಯಲ್ಲಿ ಬಂದು ನೆಲೆನಿಂತ ಜನರನ್ನು ನೋಡಿ ಬಂದೆವೆಂದು ಹೇಳುವವರು ವಿರಳ. ಅಂಥವರ ಕೇರಿಗಳನ್ನು ಒಂದೇ ದಿನದಲ್ಲಿ, ಅದೂ ಕಾಲ್ನಡಿಗೆಯಲ್ಲಿ ಕಾಣಬೇಕೆಂಬ ಆಸೆಯುಳ್ಳವರು ಕೊಚ್ಚಿಗೆ ಹೋಗಬೇಕು.

ಬೆಂಗಳೂರಿನಲ್ಲಿ ರಾತ್ರಿಯ ರೈಲು ಹತ್ತಿದರೆ ಬೆಳಗಿಗೆ ಎರ್ನಾಕುಲಂ. ಅಲ್ಲಿಂದ ಹಿನ್ನೀರನ್ನು ದೋಣಿಯಲ್ಲಿ ದಾಟಿದರೆ ಹಳೆಯ ಕೋಟೆ ಕೊಚ್ಚಿ ಸಿಗುತ್ತದೆ. 2023ರಲ್ಲಿ ಆರಂಭವಾದ ಜಲ ಮೆಟ್ರೊದ ದೋಣಿಗಳೂ ಈಗ ಅಲ್ಲಿಗೆ ಹೋಗುತ್ತವೆ. ಮಕ್ಕಳಿಗಂತೂ ಈ ಜಲಯಾನವೇ ಅರ್ಧ ಪ್ರವಾಸ.

ಇಷ್ಟು ಬಗೆಯ ಜನ ಈ ಪುಟ್ಟ ನೆಲಕ್ಕೆ ಬಂದುದೇಕೆ? 1341ರಲ್ಲಿ ಪೆರಿಯಾರ್ ನದಿಗೆ ಬಂದ ಮಹಾಪೂರವು ಪುರಾತನವಾದ ಮುಸಿರಿಸ್ ಬಂದರಿನಲ್ಲಿ ಹೂಳು ತುಂಬಿ, ಕೊಚ್ಚಿಯ ಅಳಿವೆಯನ್ನು ತೆರೆದುಕೊಟ್ಟಿತೆಂದು ಹೇಳುತ್ತಾರೆ. ಬಂದರು ತೆರೆದ ಮೇಲೆ ಕರಿಮೆಣಸಿನ ಆಸೆಗೆ ಹಡಗುಗಳು ಬಂದುವು. 1503ರಲ್ಲಿ ಪೋರ್ಚುಗೀಸರು, 1663ರಲ್ಲಿ ಡಚ್ಚರು, 1795ರಲ್ಲಿ ಆಂಗ್ಲರು ಇಲ್ಲಿ ಅಧಿಕಾರ ಸ್ಥಾಪಿಸಿದರು. ಆಳಿದವರೆಲ್ಲರೂ ಹೊರಟುಹೋದರು. ಅವರ ಕಾಲದಲ್ಲಿ ಬಂದು ನೆಲೆಸಿದ ಸಾಮಾನ್ಯರು ಮಾತ್ರ ಉಳಿದರು.

ಮಡಿವಾಳರ ಅಂಗಳ

ಕೋಟೆ ಕೊಚ್ಚಿಯಲ್ಲಿ ಎಲ್ಲರೂ ನೋಡುವುದು ಚೀನಾ ಬಲೆಗಳನ್ನು. ಮರದ ದೊಡ್ಡ ತೋಳು, ಅದರ ಹಿಂದೆ ತೂಗುಬಿಟ್ಟ ಕಲ್ಲುಗಳು. ನಾಲ್ಕಾರು ಮಂದಿ ಹಗ್ಗ ಎಳೆದರೆ ಬಲೆಯು ನೀರಿನಿಂದ ಮೇಲೇಳುವ ನೋಟ ಸೊಗಸಾದುದೇ. ಸಮೀಪದಲ್ಲಿಯೇ ಸಂತ ಫ್ರಾನ್ಸಿಸರ ಇಗರ್ಜಿ. 1524ರಲ್ಲಿ ಕೊಚ್ಚಿಯಲ್ಲಿ ಮೃತನಾದ ವಾಸ್ಕೋ ಡ ಗಾಮನನ್ನು ಮೊದಲು ಸಮಾಧಿ ಮಾಡಿದುದು ಇಲ್ಲಿಯೇ. ಅವನ ಅಸ್ಥಿಗಳನ್ನು ಅನಂತರ ಪೋರ್ಚುಗಲ್ಲಿಗೆ ಒಯ್ದರು.

ಇಷ್ಟನ್ನು ನೋಡಿ ಹಿಂದಿರುಗದೆ, ವೇಳಿ ಎಂಬ ಭಾಗದಲ್ಲಿರುವ ಧೋಬಿಖಾನಾಕ್ಕೆ ನಡೆಯಿರಿ. ಇಲ್ಲಿ ದುಡಿಯುವವರು ತಮಿಳು ಮಾತನಾಡುವ ವಣ್ಣಾರ್ ಸಮಾಜದವರು. ಸೈನಿಕರ ಸಮವಸ್ತ್ರಗಳನ್ನು ಒಗೆಯಲು ಡಚ್ಚರು ಇವರ ಪೂರ್ವಿಕರನ್ನು ಕರೆತಂದರೆಂಬುದು ಪ್ರತೀತಿ. ಸಾಲು ಸಾಲಾದ ಒಗೆಯುವ ತೊಟ್ಟಿಗಳು, ಗಂಜಿ ಹಾಕಿದ ಬಿಳಿಯ ಬಟ್ಟೆ, ಇದ್ದಿಲು ತುಂಬಿದ ಭಾರವಾದ ಇಸ್ತ್ರಿಪೆಟ್ಟಿಗೆ! ಬಟ್ಟೆ ಒಣಹಾಕುವ ಬಗೆಯನ್ನು ನಮ್ಮ ಗೃಹಿಣಿಯರು ಗಮನಿಸಬೇಕು. ಹುರಿಗೊಳಿಸಿದ ಹಗ್ಗದ ಎಳೆಗಳ ನಡುವೆ ಬಟ್ಟೆಯ ತುದಿಯನ್ನು ಸಿಕ್ಕಿಸಿಬಿಡುತ್ತಾರೆ. ಗಾಳಿ ಎಷ್ಟು ಬೀಸಿದರೂ ಕ್ಲಿಪ್ಪಿನ ಅಗತ್ಯವಿಲ್ಲ.

ಪಂಡಿತರ ಕೇರಿ

ಎರಡು ಮೂರು ಕಿಲೋಮೀಟರು ಮುಂದೆ ಮಟ್ಟಾಂಚೇರಿ. ಅಲ್ಲಿಯ ಚೆರ್ಲಾಯಿಯಲ್ಲಿ ಕಾಲಿಟ್ಟರೆ ನಮ್ಮ ಮಂಗಳೂರು, ಕಾರ್ಕಳಗಳ ರಥಬೀದಿ ನೆನಪಾದೀತು. ತಿರುಮಲ ದೇವರ ಗುಡಿ, ಅದರ ಸುತ್ತ ಗೌಡ ಸಾರಸ್ವತರ ಮನೆಗಳು, ಕಿವಿಗೆ ಬೀಳುವ ಕೊಂಕಣಿ ಮಾತು. ಹದಿನಾರನೆಯ ಶತಮಾನದಲ್ಲಿ ಗೋವೆಯಲ್ಲಿ ಪೋರ್ಚುಗೀಸರ ಕಾಟ ತಾಳಲಾರದೆ ದಕ್ಷಿಣಕ್ಕೆ ಹೊರಟವರಲ್ಲಿ ಕೆಲವರು ನಮ್ಮ ಕನ್ನಡ ಕರಾವಳಿಯಲ್ಲಿ ನಿಂತರು; ಕೆಲವರು ಇನ್ನೂ ಕೆಳಗಿಳಿದು ಕೊಚ್ಚಿಯನ್ನು ಸೇರಿದರು. ಬಂಧುಗಳೇ ಬೇರೆ ಬೇರೆ ಊರು ಹಿಡಿದಂತೆ.

ಈ ಸಮಾಜದ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ವೈದ್ಯರ ಹೆಸರನ್ನು ಮಕ್ಕಳಿಗೆ ಹೇಳಬೇಕು. ಡಚ್ ಅಧಿಕಾರಿ ವಾನ್ ರೀಡ್ ಮಲಬಾರಿನ ಸಸ್ಯಗಳ ಬಗ್ಗೆ ‘ಹೊರ್ಟಸ್ ಮಲಬಾರಿಕಸ್’ ಎಂಬ ಮಹಾಗ್ರಂಥವನ್ನು ರಚಿಸಿದಾಗ, ಕೇರಳದ ವೈದ್ಯ ಇಟ್ಟಿ ಅಚ್ಯುತನ್ ಜೊತೆಗೆ ಈ ಮೂವರೂ ನೆರವಾದರು. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅದು ಹೊರಬಂದಿತು. ಮೂವರು ಪಂಡಿತರು ಬರೆದುಕೊಟ್ಟ ಸಾಕ್ಷ್ಯಪತ್ರವು ನಾಗರಿ ಲಿಪಿಯ ಕೊಂಕಣಿಯಲ್ಲಿಯೇ ಅದರಲ್ಲಿ ಅಚ್ಚಾಗಿದೆ. ಮನೆ ಮಠ ಬಿಟ್ಟು ಬಂದ ಸಮಾಜವೊಂದು ನೂರೈವತ್ತು ವರ್ಷಗಳೊಳಗೆ ಲೋಕಕ್ಕೆ ವಿದ್ಯೆ ಕೊಡುವಂತಾದುದು ಸಣ್ಣ ಸಂಗತಿಯೆ?

ಚೆರ್ಲಾಯಿಗೆ ಅನತಿ ದೂರದಲ್ಲಿ ಗುಜರಾತಿಗಳ ಬೀದಿಯಿದೆ. ಅಲ್ಲಿಯ ಜೈನ ಮಂದಿರದಲ್ಲಿ ಮಧ್ಯಾಹ್ನದ ವೇಳೆಗೆ ಪಾರಿವಾಳಗಳಿಗೆ ಕಾಳು ಹಾಕುತ್ತಾರೆ. ನೂರಾರು ಹಕ್ಕಿಗಳು ಒಮ್ಮೆಲೇ ಇಳಿಯುವುದನ್ನು ಕಂಡ ಮಕ್ಕಳು ಊಟವನ್ನೇ ಮರೆತಾರು.

ಹತ್ತು ಜನ ಸೇರದ ಬೀದಿ

ಕೊನೆಗೆ ನೋಡಬೇಕಾದುದು ಯೆಹೂದ್ಯರ ಬೀದಿ. ಪರದೇಶಿ ಸಿನಗಾಗ್ ಎಂಬ ಇಲ್ಲಿಯ ಪ್ರಾರ್ಥನಾ ಮಂದಿರವು 1568ರಲ್ಲಿ ಕಟ್ಟಿದ್ದು. ಕೊಚ್ಚಿಯ ಅರಸರು ತಮ್ಮ ಅರಮನೆಯ ಮಗ್ಗುಲಲ್ಲಿಯೇ ಈ ಜನರಿಗೆ ನೆಲ ಕೊಟ್ಟರು. ಅರಮನೆಯ ದೇವಾಲಯಕ್ಕೂ ಸಿನಗಾಗಿಗೂ ನಡುವೆ ಇರುವುದು ಒಂದೇ ಗೋಡೆ. ಒಳಗೆ ಚೀನಾದಿಂದ ತರಿಸಿದ ನೀಲಿ ಬಿಳಿಯ ಹಾಸುಬಿಲ್ಲೆಗಳ ನೆಲ, ಮೇಲೆ ಗಾಜಿನ ದೀಪಗುಚ್ಛಗಳು, ಹೊರಗೆ 1760ರ ಗಡಿಯಾರದ ಗೋಪುರ. 1968ರಲ್ಲಿ ನಾನೂರು ವರ್ಷ ತುಂಬಿದಾಗ ಪ್ರಧಾನಿ ಇಂದಿರಾ ಗಾಂಧಿಯವರು ಉತ್ಸವಕ್ಕೆ ಬಂದಿದ್ದರು, ಅಂಚೆಚೀಟಿಯೂ ಹೊರಬಂದಿತು.

ಆದರೆ ಉತ್ಸವದ ಹೊತ್ತಿಗಾಗಲೇ ಕೇರಿ ಬರಿದಾಗತೊಡಗಿತ್ತು. 1948ರಲ್ಲಿ ಇಸ್ರೇಲ್ ರಾಷ್ಟ್ರ ಹುಟ್ಟಿದ ಮೇಲೆ ಕೊಚ್ಚಿಯ ಯೆಹೂದ್ಯರಲ್ಲಿ ಬಹುಮಂದಿ ಅಲ್ಲಿಗೆ ಹೊರಟರು. ಇಲ್ಲಿ ಅವರನ್ನು ಯಾರೂ ಅಟ್ಟಲಿಲ್ಲ, ಯಾರೂ ಹಿಂಸಿಸಲಿಲ್ಲ. ಪೂರ್ವಿಕರ ಪುಣ್ಯಭೂಮಿಯ ಸೆಳೆತಕ್ಕೆ ಮನಸೋತು ಹೋದರು. ಅವರ ಸಾಮೂಹಿಕ ಪ್ರಾರ್ಥನೆಗೆ ಕನಿಷ್ಠ ಹತ್ತು ಮಂದಿ ವಯಸ್ಕ ಪುರುಷರು ಸೇರಬೇಕೆಂಬುದು ಸಂಪ್ರದಾಯ. ಸ್ಥಳೀಯರಲ್ಲಿ ಆ ಹತ್ತು ಮಂದಿಯೂ ಉಳಿಯಲಿಲ್ಲ. ಕಸೂತಿ ಹಾಕಿ ಮಾರುತ್ತಿದ್ದ ವೃದ್ಧೆ ಸಾರಾ ಕೊಹೆನ್ 2019ರಲ್ಲಿ ತಮ್ಮ 96ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಗಾಲದಲ್ಲಿ ಅವರನ್ನು ತಾಯಿಯಂತೆ ನೋಡಿಕೊಂಡು, ಅಂಗಡಿಯನ್ನೂ ನಡೆಸಿದವರು ಒಬ್ಬ ಮುಸಲ್ಮಾನ ಗೃಹಸ್ಥರು. ಇಂದು ಆ ಬೀದಿಯ ತುಂಬ ಹಳೆಯ ಸಾಮಾನಿನ ಅಂಗಡಿಗಳು, ಸಂಬಾರದ ಪರಿಮಳ, ಪ್ರವಾಸಿಗರ ಗದ್ದಲ. ಬೀದಿಯ ಹೆಸರು ಉಳಿದಿದೆ. ಹೆಸರು ಕೊಟ್ಟವರು ಇಲ್ಲವೆನ್ನುವಷ್ಟು ವಿರಳ.

ಚೆರ್ಲಾಯಿಯನ್ನೂ ಈ ಬೀದಿಯನ್ನೂ ಒಂದೇ ದಿನ ನೋಡಿದವರಿಗೆ ಒಂದು ವಿಚಾರ ಹೊಳೆಯದಿರದು. ಗೋಡೆ, ಗೋಪುರ, ನೆಲಹಾಸುಗಳನ್ನು ಸರಕಾರವೂ ಧರ್ಮದತ್ತಿಗಳೂ ಕಾಪಾಡಬಲ್ಲವು. ಕೇರಿಯನ್ನು ಕಾಪಾಡುವುದು ಮಾತ್ರ ಅಲ್ಲಿ ಉಂಡು, ದುಡಿದು, ತಮ್ಮ ನುಡಿಯಲ್ಲಿ ಮಕ್ಕಳನ್ನು ಕರೆಯುವ ಜನ. ಧೋಬಿಖಾನಾದಲ್ಲಿ ಇಂದು ಕಾಣುವವರಲ್ಲಿ ವಯಸ್ಸಾದವರೇ ಹೆಚ್ಚು. ಅವರ ಮಕ್ಕಳು ಓದಿ ಬೇರೆ ಉದ್ಯೋಗ ಹಿಡಿಯುತ್ತಿದ್ದಾರೆ. ಅದು ತಪ್ಪೆಂದು ಹೇಳಲು ನಾವಾರು? ನಮ್ಮ ಮಕ್ಕಳಿಗೆ ನಾವು ಬಯಸುವುದೂ ಅದನ್ನೇ ಅಲ್ಲವೆ? ಆದಕಾರಣ ಕಾಲ ಇರುವಾಗಲೇ ಹೋಗಿ ನೋಡುವುದು ಲೇಸು.

ಹೋಗುವವರು ಒಂದೆರಡು ಮಾತು ನೆನಪಿಡಬೇಕು. ಅರಮನೆಯ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಶನಿವಾರ ಯೆಹೂದ್ಯರ ಸಬ್ಬತ್ ದಿನವಾದುದರಿಂದ ಸಿನಗಾಗ್ ಮುಚ್ಚಿರುತ್ತದೆ. ಗುಡಿ, ಸಿನಗಾಗುಗಳೆರಡಕ್ಕೂ ಪಾದರಕ್ಷೆ ಹೊರಗೆ. ಕೇರಿಯೆಂದರೆ ಜನರ ಮನೆಬಾಗಿಲು. ಕೇಳದೆ ಯಾರ ಚಿತ್ರವನ್ನೂ ತೆಗೆಯಬಾರದು. ಒಂದು ರಾತ್ರಿ ತಂಗುವವರಾದರೆ ಮಕ್ಕಳ ನಾಲ್ಕು ಅಂಗಿಗಳನ್ನು ಧೋಬಿಖಾನಾದಲ್ಲಿ ಇಸ್ತ್ರಿಗೆ ಕೊಡಿ. ಗಂಜಿಯ ಗರಿಮುರಿಯೊಡನೆ ಅವು ಮರಳಿ ಬರುವಾಗ, ಕೊಟ್ಟು ತೆಗೆದುಕೊಳ್ಳುವ ನಾಲ್ಕು ಮಾತಿನ ಪರಿಚಯವೂ ಜೊತೆಗೆ ಬಂದೀತು.