ಇಂಗ್ಲಿಷಿನ ತಪ್ಪು, ಕನ್ನಡದ ಒಪ್ಪು

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಓದಿ ಕೆಲಸ ಅರಸಿ ಬೆಂಗಳೂರಿಗೆ ಹೊರಟ ತರುಣರ ಅರ್ಜಿಗಳನ್ನು ತಿದ್ದಿಕೊಡುವ ಅವಕಾಶ ನನಗೆ ಆಗಾಗ ಒದಗುತ್ತದೆ. ಅವರ ಇಂಗ್ಲಿಷಿನಲ್ಲಿ ಮೇಲಿಂದ ಮೇಲೆ ಕಾಣುವ ತಪ್ಪುಗಳಿಗೊಂದು ಕ್ರಮವಿದೆ. ಅದು ಕನ್ನಡ ವ್ಯಾಕರಣದ ಕ್ರಮ.

‘ಎರಡು ವರ್ಷದಿಂದ ಶಿರಸಿಯಲ್ಲಿದ್ದೇನೆ’ ಎಂಬುದು ನಮ್ಮಲ್ಲಿ ಶುದ್ಧ ವಾಕ್ಯ. ಅದನ್ನೇ ‘ಐ ಆ್ಯಮ್ ಇನ್ ಶಿರಸಿ ಸಿನ್ಸ್ ಟೂ ಇಯರ್ಸ್’ ಎಂದು ಬರೆದರೆ ಎರಡು ತಪ್ಪುಗಳಾಗುತ್ತವೆ. ಇಲ್ಲಿ ‘ಹ್ಯಾವ್ ಬೀನ್’ ಬೇಕು; ಅವಧಿಗೆ ‘ಫಾರ್’, ಆರಂಭದ ಕಾಲಕ್ಕೆ ‘ಸಿನ್ಸ್’. ನಮ್ಮ ‘ಇಂದ’ ಪ್ರತ್ಯಯವೊಂದೇ ಈ ಎರಡೂ ಕೆಲಸಗಳನ್ನು ಮಾಡುತ್ತದೆ. ‘ಹತ್ತು ಚೀಲ ಅಡಿಕೆ’ ಎನ್ನುವಾಗ ಚೀಲಕ್ಕೆ ಬಹುವಚನ ಬೇಕಿಲ್ಲ. ಇಂಗ್ಲಿಷಿನಲ್ಲಿ ‘ಬ್ಯಾಗ್ಸ್’ ಎನ್ನಲೇಬೇಕು. ವಿಷಯದ ‘ಬಗ್ಗೆ’ ಚರ್ಚಿಸುವವರು ‘ಡಿಸ್ಕಸ್’ ಪದಕ್ಕೂ ‘ಅಬೌಟ್’ ಸೇರಿಸುತ್ತಾರೆ. ಅಲ್ಲಿ ಅದು ಅನಗತ್ಯ.

ಲೇಖನ ಚಿಹ್ನೆಗಳ ವಿಚಾರವೂ ಹೀಗೆಯೇ. ಶಿರಸಿ ತಾಲ್ಲೂಕಿನ ಬನವಾಸಿಯ ಪ್ರಾಚೀನ ಶಾಸನಗಳಲ್ಲಿ ಅಲ್ಪವಿರಾಮವಿಲ್ಲ. ಕನ್ನಡದಲ್ಲಿ ‘ಎಂದು’ ಎಂಬ ಪದವೇ ಉದ್ಧರಣವನ್ನು ಸೂಚಿಸುತ್ತದೆ. ‘ಬಂದೆಯಾ’ ಎಂಬಲ್ಲಿನ ಆಕಾರವೇ ಪ್ರಶ್ನೆಯನ್ನು ತಿಳಿಸುತ್ತದೆ. ‘ಪೇಟೆಗೆ ಹೋಗಿ, ಅಡಿಕೆ ಮಾರಿ, ಮನೆಗೆ ಬಂದೆ’ ಎನ್ನುವಾಗ ವಾಕ್ಯ ಇನ್ನೂ ಮುಗಿದಿಲ್ಲವೆಂದು ಕ್ರಿಯಾಪದಗಳೇ ಹೇಳುತ್ತವೆ. ಇಂಗ್ಲಿಷಿನಲ್ಲಿ ಎರಡು ಪೂರ್ಣ ವಾಕ್ಯಗಳನ್ನು ಬರಿಯ ಅಲ್ಪವಿರಾಮದಿಂದ ಬೆಸೆಯುವಂತಿಲ್ಲ. ಪೂರ್ಣವಿರಾಮವೋ ‘ಆ್ಯಂಡ್’ನಂತಹ ಪದವೋ ಬೇಕು. ‘ಇಟ್ಸ್’ ಎಂಬುದಕ್ಕೆ ‘ಅದರ’ ಎಂಬ ಅರ್ಥವಿದ್ದರೆ ಅಪಾಸ್ಟ್ರಫಿ ಬೇಡ. ‘ಇಟ್ ಈಸ್’ ಎಂಬುದರ ಹ್ರಸ್ವರೂಪವಾದರೆ ಬೇಕು.

ಇವೆಲ್ಲ ಕ್ಷುಲ್ಲಕವೆನ್ನುವಂತಿಲ್ಲ. ಅಮೆರಿಕದ ಮೇನ್ ರಾಜ್ಯದ ಹೆಚ್ಚುವರಿ ದುಡಿಮೆಯ ವೇತನ ಕಾಯ್ದೆಯಲ್ಲಿ ಒಂದು ಅಲ್ಪವಿರಾಮವಿಲ್ಲದೆ ಅರ್ಥ ಅಸ್ಪಷ್ಟವಾಗಿತ್ತು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಓಕ್‌ಹರ್ಸ್ಟ್ ಡೇರಿಯ ಚಾಲಕರ ಪರವಾಗಿ ಅರ್ಥೈಸಿತು. ಮರುವರ್ಷ 50 ಲಕ್ಷ ಡಾಲರುಗಳಿಗೆ ವ್ಯಾಜ್ಯ ರಾಜಿಯಾಯಿತು.

ನಮ್ಮ ತರುಣರು ತೆರುವ ಬೆಲೆ ಬೇರೆ ಬಗೆಯದು. ಅರ್ಜಿ ಓದುವವರು ಈ ತಪ್ಪುಗಳಲ್ಲಿ ದಡ್ಡತನವನ್ನು ಕಾಣುತ್ತಾರೆ. ಕ್ರಮೇಣ ಬರೆದವರೂ ಅದನ್ನೇ ನಂಬುತ್ತಾರೆ. ಹೆತ್ತವರು ಮಕ್ಕಳನ್ನು ಕನ್ನಡ ಶಾಲೆಯಿಂದ ಬಿಡಿಸುವುದೇ ಪರಿಹಾರವೆಂದು ಭಾವಿಸುತ್ತಾರೆ. ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧ. ‘ಕನ್ನಡದಲ್ಲಿ ಹೀಗೆ, ಇಂಗ್ಲಿಷಿನಲ್ಲಿ ಹಾಗೆ’ ಎಂದು ಎರಡೂ ವಾಕ್ಯಗಳನ್ನು ಕರಿಹಲಗೆಯ ಮೇಲೆ ಅಕ್ಕಪಕ್ಕ ಬರೆದು ತೋರಿಸಿದರೆ ಮಗುವಿಗೆ ತಪ್ಪಿನ ಮೂಲವೇ ತಿಳಿಯುತ್ತದೆ. ಕನ್ನಡ ವ್ಯಾಕರಣವನ್ನು ಚೆನ್ನಾಗಿ ಬಲ್ಲ ವಿದ್ಯಾರ್ಥಿಗೆ ಈ ವ್ಯತ್ಯಾಸ ಬೇಗ ಕಾಣುತ್ತದೆ. ಇಂಗ್ಲಿಷ್ ತರಗತಿಯಿಂದ ಕನ್ನಡವನ್ನು ಹೊರಗಿಟ್ಟರೆ ಆ ಅನುಕೂಲವನ್ನು ನಾವೇ ಕೈಬಿಟ್ಟಂತಾಗುತ್ತದೆ.