ಮುಚ್ಚಳದ ಒಳಗಿನ ಗೀರುಗಳು

ಅವೆನ್ಯೂ ರಸ್ತೆಯ ಹಾರನ್ನುಗಳನ್ನೂ ಕೈಗಾಡಿಯವರ ಕೂಗನ್ನೂ ಹಳೇ ಪುಸ್ತಕಗಳ ಧೂಳುವಾಸನೆಯನ್ನೂ ದಾಟಿ ಪಕ್ಕದ ಓಣಿಗೆ ಹೊಕ್ಕರೆ, ಒಬ್ಬರು ಕೂತರೆ ತುಂಬಿಹೋಗುವ ಆ ಅಂಗಡಿ ಸಿಗುತ್ತದೆ. ಗಾಜಿನ ಪೆಟ್ಟಿಗೆ, ಅದರ ಮೇಲೆ ಬಾಗಿದ ಟೇಬಲ್ ಲ್ಯಾಂಪು, ಬಟ್ಟಲಲ್ಲಿ ಪೆಟ್ರೋಲಿನ ಘಾಟು. ಗೋಡೆಯ ಗಡಿಯಾರಗಳು ಒಂದೊಂದು ಒಂದೊಂದು ಸಮಯ ತೋರಿಸುತ್ತ ತಮ್ಮ ಪಾಡಿಗೆ ಮಾತಾಡಿಕೊಳ್ಳುತ್ತವೆ. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಹಿರಿಯರು ತಲೆ ಎತ್ತದೆ ಕೈ ಚಾಚಿದರು. ಅಪ್ಪನ ವಾಚನ್ನು ಅವರ ಅಂಗೈಯಲ್ಲಿಟ್ಟೆ.

ಮದುವೆಯಲ್ಲಿ ಮಾವನ ಮನೆಯವರು ಅಪ್ಪನಿಗೆ ಕಟ್ಟಿದ ವಾಚು ಅದು. ಟ್ರಂಕಿನ ತಳದಲ್ಲಿ, ನುಸಿಗುಳಿಗೆಯ ವಾಸನೆಯ ಪಂಚೆಯೊಳಗೆ ಎಷ್ಟು ವರ್ಷ ಮಲಗಿತ್ತೋ. ಬಿಳಿ ಡಯಲ್ಲು ಹಳೇ ಬೆಣ್ಣೆಯ ಬಣ್ಣಕ್ಕೆ ತಿರುಗಿದೆ. ಹೆಸರಿನಲ್ಲಿ ಉಳಿದಿರುವುದು ದೇವನಾಗರಿಯ ಒಂದು ‘ತಾ’ ಮಾತ್ರ. ಅವರು ದೀಪದಡಿ ಓರೆಯಾಗಿ ಹಿಡಿದು ನೋಡಿ, “ಎಚ್‌ಎಂಟಿ ಜನತಾ ಇರಬೇಕು. ಆದ್ರೆ ಮುಖ ನೋಡಿ ಹೇಳಬಾರದು, ಹೊಟ್ಟೆ ನೋಡಿ ಹೇಳಬೇಕು” ಎಂದರು.

ಹೊಟ್ಟೆ ತೆರೆಯಬೇಕಲ್ಲ! ಬೆಲ್ಟ್ ಕಳಚಿ ವಾಚನ್ನು ಮಗುಚಿದರು. ತಿರುಪಿನ ಮುಚ್ಚಳವಾದರೆ ಅಂಚಿನಲ್ಲಿ ಕಚ್ಚುಗಳಿರುತ್ತವೆ, ಕೀಲಿ ಕೂರಿಸಿ ಎಡಕ್ಕೆ ತಿರುಗಿಸಬೇಕು. ಇದರಲ್ಲಿ ಕಚ್ಚಿಲ್ಲ, ಅಂದರೆ ಒತ್ತು ಮುಚ್ಚಳ. ಒತ್ತು ಮುಚ್ಚಳಕ್ಕೆ ಎಲ್ಲೋ ಒಂದು ಕಡೆ ಉಗುರು ಕೂಡ ಹೊಗದಷ್ಟು ಸಣ್ಣ ತುಟಿ ಇರುತ್ತದೆ. ಅದನ್ನು ಹುಡುಕುವುದೇ ಅರ್ಧ ಕೆಲಸ. ಆ ತುಟಿ ಕಾಣದಂತೆ ಸುತ್ತಲೂ ಕಪ್ಪು ಕಿಟ್ಟ ಗಟ್ಟಿಯಾಗಿತ್ತು; ವರ್ಷಗಳ ಬೆವರು, ಸೋಪು, ಚರ್ಮದ ಪುಡಿ ಸೇರಿ ಆದ ಸಿಮೆಂಟು. ಹಲ್ಲುಕಡ್ಡಿಯಿಂದ ಅದನ್ನು ಕೆರೆಯುತ್ತ ಹೋದರು. ಒಂದು ಸುತ್ತು, ಎರಡು ಸುತ್ತು. ಸೀಳಿಗೆ ಒಂದೇ ಒಂದು ಹನಿ ತೆಳು ಎಣ್ಣೆ ಬಿಟ್ಟು, ಟೀ ತರಿಸಿದರು. ಎಣ್ಣೆ ಇಳಿಯಲಿ ಎಂದು ಸುಮ್ಮನೆ ಕೂತೆವು. ನನಗೆ ಆ ಕಾಯುವಿಕೆಯೇ ಅವರ ಕಸುಬಿನ ನಿಜವಾದ ಹತಾರ ಅನ್ನಿಸಿತು.

ಟೀ ಲೋಟ ಬದಿಗಿಟ್ಟು, ವಾಚನ್ನು ಎಡಗೈಯ ಬಟ್ಟೆಯಲ್ಲಿ ಹುದುಗಿಸಿ, ಮೊಂಡು ಚಾಕುವನ್ನು ತುಟಿಗೆ ಒತ್ತಿ ಹೆಬ್ಬೆರಳು ತಿರುವಿದರು. ಟಪ್.

ಒಳಗೆ ಬೆಳ್ಳಗೆ ಮಿನುಗುವ ಯಂತ್ರ. ಸೇತುವೆಯಂಥ ತಗಡಿನ ಮೇಲೆ ಎಚ್‌ಎಂಟಿ, 17 ಜ್ಯುವೆಲ್ಸ್. ಬ್ಯಾಲೆನ್ಸ್ ಚಕ್ರದ ಬಳಿ ಇರುವೆಗಾತ್ರದ ಅಂಕಿಗಳು: 0231. “ಇದೇ ಇದರ ಜಾತಕ” ಅಂದರು ಅವರು. ಡಯಲ್ಲಿಗೆ ಹೊಸ ಬಣ್ಣ ಬಳಿದು, ಬೇರೆ ಮಾದರಿಯ ಹೆಸರು ಅಚ್ಚೊತ್ತಿ ಮಾರುವವರು ಇದ್ದಾರೆ. ಹಾಗಾಗಿ ಯಂತ್ರವೂ ಕವಚವೂ ಡಯಲ್ಲೂ ಒಂದಕ್ಕೊಂದು ಒಗ್ಗಬೇಕು. ಜಪಾನಿನ ಸಿಟಿಜನ್ ಕಂಪನಿಯಿಂದ ಕಲಿತು 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಕೈಗಡಿಯಾರ ಮಾಡಲು ಶುರುಮಾಡಿತು. ಈ ಯಂತ್ರದ ವಂಶವೂ ಸಿಟಿಜನ್‌ನದೇ. ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ಬಂತು. 2016ರಲ್ಲಿ ಎಚ್‌ಎಂಟಿಯ ವಾಚು ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು.

ಆದರೆ ನನ್ನ ಕಣ್ಣು ಕೀಲಿಸಿದ್ದು ಮುಚ್ಚಳದ ಒಳಮೈ ಮೇಲೆ. ಅಲ್ಲಿ ಸೂಜಿಯಿಂದ ಗೀರಿದ ಅಕ್ಷರಗಳು, ತಾರೀಖುಗಳು. ರಿಪೇರಿ ಮಾಡಿದವರು ಹೀಗೆ ಗುರುತು ಬಿಡುವುದು ಹಳೇ ಪದ್ಧತಿಯಂತೆ. ಒಂದರಲ್ಲಿ 12-8-79. ಅಪ್ಪ ಆಗ ತಿಪಟೂರಿನಲ್ಲಿ ಮೇಷ್ಟರು. ಆ ಊರಿನ ಯಾವುದೋ ಇಂಥದೇ ಅಂಗಡಿಯಲ್ಲಿ, ಇಂಥದೇ ದೀಪದಡಿ ಈ ಮುಚ್ಚಳ ತೆರೆದಿತ್ತು.

ಹಿರಿಯರು ಧೂಳು ಊದಿ, ಎಣ್ಣೆ ಹಾಕಿ, ಕೀಲಿ ಕೊಟ್ಟರು. ಚಕ್ರ ಒಮ್ಮೆ ನಡುಗಿ ಓಡತೊಡಗಿತು: ಗಂಟೆಗೆ 18,000 ಬಡಿತ, ಸೆಕೆಂಡಿಗೆ ಐದು. ಮುಚ್ಚುವ ಮೊದಲು ಅವರೂ ಸೂಜಿ ತೆಗೆದು ಅಂದಿನ ತಾರೀಖನ್ನು ಗೀರಿದರು.

ನಿಮ್ಮ ಮನೆಯ ಟ್ರಂಕಿನಲ್ಲೂ ಅಂಥದೊಂದು ವಾಚಿದ್ದರೆ ಅಡುಗೆಮನೆಯ ಚಾಕು ಹಾಕಿ ಮೀಟಬೇಡಿ, ಡಯಲ್ಲಿಗೆ ಹೊಸ ಬಣ್ಣ ಬಳಿಸಬೇಡಿ. ಓಣಿಯ ಆ ದೀಪ ಆರುವ ಮೊದಲು ಒಯ್ದು ತೋರಿಸಿ.